ಭಾರತ, ಕೀನ್ಯಾ, ವಿಯೆಟ್ನಾಂ, ಬ್ರೆಜಿಲ್: ಐಟಿಯಲ್ಲಿ ಯಾರು ಮುಂದೆ ಅಂತ ಹೋಲಿಸೋದು ಹೇಗೆ?

ಈ ನಾಲ್ಕು ದೇಶಗಳ ಮೇಲೆ ಸೆಮಿನಾರ್ ಪೇಪರ್ ಬರೆಯಬೇಕು, ಆದರೆ ಒಂದೊಂದು ಕಡೆ ಒಂದೊಂದು ರ‍್ಯಾಂಕ್ ಸಿಗುತ್ತಿದೆ, ಯಾವುದನ್ನು ನಂಬಲಿ ಎಂದು ಕೇಳಿದ್ದೀರಿ. ನನ್ನ ಸಲಹೆ, ರ‍್ಯಾಂಕನ್ನೇ ಬದಿಗಿಡಿ. ಹತ್ತಾರು ಅಂಕಿಗಳನ್ನು ಕೂಡಿಸಿ ಕಳೆದು ಬಂದ ಒಂದೇ ಸಂಖ್ಯೆ ಅದು. ಒಳಗೆ ಏನೇನು ಸೇರಿದೆ ಅಂತ ಬಿಚ್ಚಿ ನೋಡದೆ ಪೇಪರಿಗೆ ಹಾಕಿದರೆ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಒಂದನ್ನು ಬಿಚ್ಚಿಯೇ ನೋಡೋಣ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಅಂದರೆ ಐಟಿಯು, 2009ರಿಂದ 2017ರವರೆಗೆ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಅಭಿವೃದ್ಧಿ ಸೂಚ್ಯಂಕ ಪ್ರಕಟಿಸಿತು. 2017ರ ಪಟ್ಟಿಯ 176 ದೇಶಗಳಲ್ಲಿ ಭಾರತ 134ನೇದು. ಬಹಳ ಲೇಖನಗಳಲ್ಲಿ ಈಗಲೂ ಓಡಾಡುವುದು ಈ ಅಂಕಿಯೇ. ಅದರಲ್ಲಿ ಒಟ್ಟು 11 ಅಂಶಗಳು: ಸಂಪರ್ಕಕ್ಕೆ ಶೇ. 40, ಬಳಕೆಗೆ ಶೇ. 40, ಕೌಶಲಕ್ಕೆ ಶೇ. 20 ತೂಕ. ಸಂಪರ್ಕದ ಐದು ಅಂಶಗಳಲ್ಲಿ ಲ್ಯಾಂಡ್‌ಲೈನ್ ಕೂಡ ಒಂದು. 40ರ ಐದನೇ ಒಂದು ಭಾಗ ಅಂದರೆ ಇಡೀ ಸೂಚ್ಯಂಕದ ಶೇ. 8. ಪೂರ್ತಿ ಅಂಕ ಸಿಗಬೇಕಾದರೆ 100 ಜನಕ್ಕೆ 60 ಲ್ಯಾಂಡ್‌ಲೈನ್ ಇರಬೇಕಿತ್ತು. ತಂತಿ ಎಳೆಯುವ ಗೋಜಿಗೇ ಹೋಗದೆ ನೇರ ಮೊಬೈಲಿಗೆ ಜಿಗಿದ ಕೀನ್ಯಾದಂಥ ದೇಶ 10ಕ್ಕೆ ಹತ್ತಿರಹತ್ತಿರ 0.8 ಅಂಕವನ್ನು ಅಲ್ಲೇ ಕಳೆದುಕೊಳ್ಳುತ್ತಿತ್ತು. ಇನ್ನು ‘ಕೌಶಲ’ದಲ್ಲಿ ಇದ್ದದ್ದು ಸರಾಸರಿ ಶಾಲಾ ವರ್ಷಗಳು, ಪ್ರೌಢಶಾಲೆ ಮತ್ತು ಕಾಲೇಜು ದಾಖಲಾತಿ. ಕಂಪ್ಯೂಟರ್ ಬಳಸಲು ಬರುತ್ತದೆಯೇ ಅನ್ನುವುದನ್ನು ಅದು ಅಳೆಯುತ್ತಲೇ ಇರಲಿಲ್ಲ.

2023ರಲ್ಲಿ ಅದೇ ಹೆಸರಿನ ಸೂಚ್ಯಂಕ ಮತ್ತೆ ಬಂತು. ಹೆಸರು ಮಾತ್ರ ಹಳೆಯದು. ಈಗ 10 ಅಂಶಗಳು, ಅಂಕ 0ಯಿಂದ 100ರವರೆಗೆ. ಲ್ಯಾಂಡ್‌ಲೈನ್ ಇಲ್ಲ, ಶಾಲಾ ದಾಖಲಾತಿ ಇಲ್ಲ. ಅವುಗಳ ಜಾಗದಲ್ಲಿ ದರ, ಡೇಟಾ ಬಳಕೆ, 4ಜಿ ವ್ಯಾಪ್ತಿ ಬಂದಿವೆ. ಹಾಗಾಗಿ 2017ರ ಅಂಕವನ್ನೂ 2023ರ ಅಂಕವನ್ನೂ ಒಂದೇ ಗ್ರಾಫಿನಲ್ಲಿ ಗೆರೆ ಎಳೆದು ಜೋಡಿಸಬೇಡಿ. ವಿದ್ಯಾರ್ಥಿಗಳ ಪೇಪರುಗಳಲ್ಲಿ ತೀರಾ ಸಾಮಾನ್ಯವಾದ ತಪ್ಪು ಇದು. ವಿಶ್ವಸಂಸ್ಥೆಯ ಇ-ಆಡಳಿತ ಸೂಚ್ಯಂಕದ ವಿಷಯದಲ್ಲೂ ಹುಷಾರು. ಆನ್‌ಲೈನ್ ಸೇವೆ, ದೂರಸಂಪರ್ಕ, ಮಾನವ ಸಂಪನ್ಮೂಲ ಮೂರಕ್ಕೂ ಅದರಲ್ಲಿ ಸಮಪಾಲು. ಸರ್ಕಾರಿ ಪೋರ್ಟಲ್‌ನಲ್ಲಿ ಸೇವೆ ಇದೆಯೇ ಅನ್ನುವುದೇ ಅಲ್ಲಿ ಮುಖ್ಯ, ಅದನ್ನು ಎಷ್ಟು ಜನ ಬಳಸಿದರು ಅನ್ನುವುದಲ್ಲ.

ಹಾಗಾದರೆ ಏನು ಮಾಡಬೇಕು? ಒಂದು ಸ್ಪ್ರೆಡ್‌ಶೀಟ್ ತೆರೆದು ನಾಲ್ಕು ಕಂಬಸಾಲು ಹಾಕಿಕೊಳ್ಳಿ: ಸಂಪರ್ಕ, ಬೆಲೆ, ಬಳಕೆ, ತಯಾರಿಕೆ. ನಾಲ್ಕನ್ನೂ ಕೂಡಿಸಬೇಡಿ. ಪ್ರತಿ ಅಂಕಿಯ ಪಕ್ಕದಲ್ಲಿ ಮೂರು ಸಂಗತಿ ಬರೆದಿಡಿ: ಯಾವ ವರ್ಷದ್ದು, ಯಾರು ಎಣಿಸಿದ್ದು, ಸಮೀಕ್ಷೆಯಿಂದ ಬಂದದ್ದೋ ಅಂದಾಜೋ. ಐಟಿಯು ದತ್ತಾಂಶದಲ್ಲಿ ಎಷ್ಟೋ ದೇಶಗಳ ಎಷ್ಟೋ ವರ್ಷಗಳ ಅಂಕಿ ಬರೀ ಅಂದಾಜು. ಅಡಿಟಿಪ್ಪಣಿಯ ಕಾಲಂ ಅಳಿಸಿ ಡೌನ್‌ಲೋಡ್ ಮಾಡಿಕೊಂಡರೆ ಅದು ನಿಮಗೆ ತಿಳಿಯುವುದೇ ಇಲ್ಲ.

ಸಂಪರ್ಕದಲ್ಲಿ ದೊಡ್ಡ ಗುಂಡಿ ಅಂದರೆ ಸಿಮ್‌ಗಳನ್ನೇ ಜನರೆಂದು ಎಣಿಸುವುದು. ಒಬ್ಬರ ಕೈಯಲ್ಲಿ ಎರಡು ಸಿಮ್ ಇದ್ದರೆ ಇಬ್ಬರು ಚಂದಾದಾರರು. ಕೆಲವು ದೇಶಗಳ ಮೊಬೈಲ್ ಸಂಖ್ಯೆ 100 ಜನಕ್ಕೆ 120 ದಾಟುವುದು ಹೀಗೇ. ಭಾರತದ ಉದಾಹರಣೆಯನ್ನೇ ಹತ್ತಿರದಿಂದ ನೋಡಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಲೆಕ್ಕದಂತೆ 2021ರ ಮಾರ್ಚ್ ಕೊನೆಗೆ ಇಂಟರ್ನೆಟ್ ಚಂದಾದಾರರು ಸುಮಾರು 82.5 ಕೋಟಿ, ಅಂದರೆ 100 ಜನಕ್ಕೆ ಸುಮಾರು 60. ಅದೇ ಸುಮಾರಿಗೆ, 2019-21ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನವರನ್ನು ‘ಎಂದಾದರೂ ಇಂಟರ್ನೆಟ್ ಬಳಸಿದ್ದೀರಾ’ ಎಂದು ಕೇಳಿದರೆ, ಹೌದು ಎಂದ ಗಂಡಸರು ಶೇ. 57, ಹೆಂಗಸರು ಶೇ. 33. ಎರಡೂ ಸರಕಾರಿ ಅಂಕಿಗಳೇ, ಎರಡೂ ಸರಿಯೇ. ಒಂದು ಸಂಪರ್ಕಗಳನ್ನು ಎಣಿಸಿತು, ಇನ್ನೊಂದು ಮನುಷ್ಯರನ್ನು. ನೀವು ಒಂದು ದೇಶಕ್ಕೆ ಮೊದಲನೆಯ ಬಗೆಯದನ್ನೂ ಇನ್ನೊಂದಕ್ಕೆ ಎರಡನೆಯ ಬಗೆಯದನ್ನೂ ತೆಗೆದುಕೊಂಡಿರೋ, ಹೋಲಿಕೆ ಅಲ್ಲಿಗೆ ಕೆಟ್ಟಿತು. ‘ಕಳೆದ ಮೂರು ತಿಂಗಳಲ್ಲಿ ಬಳಸಿದವರು’ ಎಂಬ ಐಟಿಯು ವ್ಯಾಖ್ಯಾನವನ್ನೇ ನಾಲ್ಕೂ ದೇಶಕ್ಕೆ ಹಿಡಿಯಿರಿ. ಸಿಕ್ಕಲ್ಲೆಲ್ಲ ಗಂಡು-ಹೆಣ್ಣು, ಊರು-ಹಳ್ಳಿ ಬೇರೆ ಮಾಡಿ.

ಆರಂಭದ ವರ್ಷವೂ ಆಟ ಆಡಿಸುತ್ತದೆ. 2009ರ ಜುಲೈಯಲ್ಲಿ ಸೀಕಾಮ್ ಸಮುದ್ರ ಕೇಬಲ್ ಶುರುವಾಗುವ ತನಕ ಪೂರ್ವ ಆಫ್ರಿಕಾ ಹೊರಜಗತ್ತಿನ ಇಂಟರ್ನೆಟ್ಟಿಗೆ ಉಪಗ್ರಹವನ್ನೇ ನಂಬಿಕೊಂಡಿತ್ತು. ಸುಮಾರು 36,000 ಕಿಮೀ ಮೇಲಿನ ಉಪಗ್ರಹದ ಮೂಲಕ ಕೋರಿಕೆ ಹೋಗಿ ಉತ್ತರ ಬರುವಷ್ಟರಲ್ಲಿ ಅರ್ಧ ಸೆಕೆಂಡಿನಷ್ಟು ತಡ, ಬೆಲೆಯೂ ದುಬಾರಿ. ಕೀನ್ಯಾದ ಲೆಕ್ಕವನ್ನು 2008ರಿಂದ ಶುರು ಮಾಡಿದರೆ ಬೆಳವಣಿಗೆ ಅದ್ಭುತವಾಗಿ ಕಾಣುತ್ತದೆ, 2011ರಿಂದ ಮಾಡಿದರೆ ಸಾಧಾರಣ. ಭಾರತಕ್ಕೆ ಅಂಥ ತಿರುವು ಜಿಯೋ ಬಂದ 2016ರ ಸೆಪ್ಟೆಂಬರ್. ತಿರುವಿನ ಹಿಂದೆ ಎರಡು ವರ್ಷ, ಮುಂದೆ ಐದು ವರ್ಷ ತೋರಿಸಿದರೆ ಯಾರೂ ತಕರಾರು ಎತ್ತುವುದಿಲ್ಲ.

ಬೆಲೆಯನ್ನು ಡಾಲರಿನಲ್ಲಿ ಹೋಲಿಸಬೇಡಿ. ವಿಶ್ವಸಂಸ್ಥೆಯ ಬ್ರಾಡ್‌ಬ್ಯಾಂಡ್ ಆಯೋಗ 2025ಕ್ಕೆ ಇಟ್ಟಿದ್ದ ಗುರಿ, ಆರಂಭಿಕ ಪ್ಯಾಕ್ ತಲಾ ಮಾಸಿಕ ಆದಾಯದ ಶೇ. 2ಕ್ಕಿಂತ ಕಡಿಮೆ ಇರಬೇಕು ಅಂತ. ಅಳತೆಗೋಲು ಒಳ್ಳೆಯದೇ, ಆದರೆ ಸರಾಸರಿಯ ಮೇಲೆ ನಿಂತಿದೆ. ತಲಾ ಆದಾಯ ತಿಂಗಳಿಗೆ 200 ಡಾಲರ್ ಇರುವ ದೇಶದಲ್ಲಿ 4 ಡಾಲರ್ ಪ್ಯಾಕ್ ಶೇ. 2ಕ್ಕೆ ಬಂತು, ಗುರಿ ಮುಟ್ಟಿದ ಹಾಗೆ. ಅಲ್ಲೇ ತಿಂಗಳಿಗೆ 60 ಡಾಲರ್ ಗಳಿಸುವವನಿಗೆ ಅದು ಶೇ. 6.7. ಆದಾಯದ ಅಂತರ ದೊಡ್ಡದಿರುವ ಬ್ರೆಜಿಲ್‌ನಂಥ ದೇಶಕ್ಕೆ ಈ ಎರಡನೇ ಲೆಕ್ಕವನ್ನೂ ಹಾಕಲೇಬೇಕು.

ಬಳಕೆಯ ಕಾಲಂನಲ್ಲಿ ನಿಜವಾದ ಸ್ವಾರಸ್ಯ ಇದೆ. ಮೊಬೈಲಿನಲ್ಲೇ ಹಣ ಕಳಿಸುವ ಕೀನ್ಯಾದ ಎಂ-ಪೆಸಾ ಸೇವೆ ಶುರುವಾದದ್ದು 2007ರ ಮಾರ್ಚ್‌ನಲ್ಲಿ, ಅಂದರೆ ಆ ಸಮುದ್ರ ಕೇಬಲ್ಲಿಗೂ ಮೊದಲೇ. ಸಾದಾ ಫೋನು, ಸಿಮ್‌ನೊಳಗಿನ ಮೆನು, ಗಲ್ಲಿಗೊಬ್ಬ ಏಜೆಂಟ್, ಅಷ್ಟೇ. ‘ಇಂಟರ್ನೆಟ್ ಬಳಕೆದಾರರು’ ಎಂಬ ಅಂಕಿಗೆ ಇದು ಕಾಣಿಸುವುದೇ ಇಲ್ಲ. ಜನರ ಹಣಕಾಸು ಖಾತೆಗಳ ಬಗ್ಗೆ ವಿಶ್ವಬ್ಯಾಂಕು ನಡೆಸುವ ಫಿನ್‌ಡೆಕ್ಸ್ ಸಮೀಕ್ಷೆಗೆ ಕಾಣುತ್ತದೆ: ಖಾತೆ ಇರುವ ವಯಸ್ಕರು ಕೀನ್ಯಾದಲ್ಲಿ 2011ಕ್ಕೆ ಶೇ. 42, 2014ಕ್ಕೆ ಶೇ. 75. ಭಾರತದಲ್ಲಿ 2011ಕ್ಕೆ ಶೇ. 35, 2014ಕ್ಕೆ ಶೇ. 53, 2017ಕ್ಕೆ ಶೇ. 80. ಮೂರು ವರ್ಷ ತಡವಾಗಿಯಾದರೂ ಭಾರತ ಅದೇ ಮಟ್ಟ ಮುಟ್ಟಿತಲ್ಲ ಅಂದುಕೊಳ್ಳುವಷ್ಟರಲ್ಲಿ ಅದೇ 2017ರ ಸಮೀಕ್ಷೆ ಇನ್ನೊಂದು ಮಾತು ಹೇಳುತ್ತದೆ. ಭಾರತದ ಖಾತೆದಾರರಲ್ಲಿ ಶೇ. 48ರಷ್ಟು ಜನ ಹಿಂದಿನ ಒಂದು ವರ್ಷ ಆ ಖಾತೆಯನ್ನು ಮುಟ್ಟಿಯೇ ಇರಲಿಲ್ಲ. ಖಾತೆ ತೆರೆಸುವುದು ಬೇರೆ, ಓಡಿಸುವುದು ಬೇರೆ.

ನಮ್ಮ ಯುಪಿಐಯನ್ನು ಬ್ರೆಜಿಲ್‌ನ ಅಂಥದೇ ತಕ್ಷಣ ಪಾವತಿ ವ್ಯವಸ್ಥೆ ಪಿಕ್ಸ್ ಜೊತೆ ಹೋಲಿಸುವಾಗಲೂ ಭಾಗಾಕಾರ ಮರೆಯಬೇಡಿ. 2023ರಲ್ಲಿ ಯುಪಿಐ ವಹಿವಾಟು ಸುಮಾರು 11,700 ಕೋಟಿ, ಪಿಕ್ಸ್ ಸುಮಾರು 4,200 ಕೋಟಿ. ನಮ್ಮದೇ ದೊಡ್ಡದು ಅಂತ ಬರೆದುಬಿಡುವವರೇ ಜಾಸ್ತಿ. 15 ವರ್ಷ ದಾಟಿದವರನ್ನು ಭಾರತದಲ್ಲಿ 105 ಕೋಟಿ, ಬ್ರೆಜಿಲ್‌ನಲ್ಲಿ 17 ಕೋಟಿ ಅಂತ ಸ್ಥೂಲವಾಗಿ ಹಿಡಿದು ಭಾಗಿಸಿ: ತಲೆಗೆ ಇಲ್ಲಿ 110ರ ಆಸುಪಾಸು, ಅಲ್ಲಿ 250ರ ಆಸುಪಾಸು. ಅದೂ ಯುಪಿಐ 2016ರದ್ದು, ಪಿಕ್ಸ್ 2020ರ ನವೆಂಬರ್‌ನದ್ದು. ಬ್ರೆಜಿಲ್‌ನ ಕೇಂದ್ರ ಬ್ಯಾಂಕು ತಾನೇ ವ್ಯವಸ್ಥೆ ಕಟ್ಟಿ, ದೊಡ್ಡ ಬ್ಯಾಂಕುಗಳೆಲ್ಲ ಸೇರಲೇಬೇಕೆಂದು ಕಡ್ಡಾಯ ಮಾಡಿದ್ದು ಈ ವೇಗಕ್ಕೆ ಒಂದು ಕಾರಣ.

ಸಾಧನ ಹಂಚಿದ ಲೆಕ್ಕವನ್ನು ಬಳಕೆಯ ಕಾಲಂಗೆ ತರಬೇಡಿ. ನಿಮ್ಮ ಪಟ್ಟಿಯಲ್ಲಿ ಇಲ್ಲದಿದ್ದರೂ ಪೆರು ಇಲ್ಲಿ ಒಳ್ಳೆಯ ಪಾಠ. ಮಗುವಿಗೊಂದು ಲ್ಯಾಪ್‌ಟಾಪ್ ಯೋಜನೆಯನ್ನು 319 ಗ್ರಾಮೀಣ ಶಾಲೆಗಳಲ್ಲಿ ಪರೀಕ್ಷಿಸಿದಾಗ ಲ್ಯಾಪ್‌ಟಾಪ್ ಸಿಕ್ಕ ಶಾಲೆಗಳಲ್ಲಿ ವಿದ್ಯಾರ್ಥಿಗೆ 1.18 ಕಂಪ್ಯೂಟರ್, ಸಿಗದ ಶಾಲೆಗಳಲ್ಲಿ 0.12. ಗಣಿತ ಮತ್ತು ಭಾಷೆಯ ಅಂಕಗಳಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ.

ಕೊನೆಗೆ ತಯಾರಿಕೆ. ಐಟಿ ಕಂಪನಿಗಳ ಸಂಘಟನೆಯಾದ ನಾಸ್ಕಾಂ ಪ್ರಕಾರ 2022-23ರಲ್ಲಿ ಭಾರತದ ಐಟಿ ಉದ್ಯಮ ಸುಮಾರು 245 ಬಿಲಿಯನ್ ಡಾಲರಿನದು, ಅದರಲ್ಲಿ ರಫ್ತು 194 ಬಿಲಿಯನ್, ನೇರ ಉದ್ಯೋಗ ಸುಮಾರು 54 ಲಕ್ಷ. ದುಡಿಯುವ ಕೈಗಳು 50 ಕೋಟಿಗೂ ಮೇಲಿರುವ ದೇಶದಲ್ಲಿ ಅದು ಶೇ. 1ರ ಸುಮಾರು. ಬಳಕೆಯ ಸಾಲಿನಲ್ಲಿ ಹಿಂದಿದ್ದು ರಫ್ತಿನಲ್ಲಿ ಮುಂದಿರುವುದು ವಿಚಿತ್ರ ಅನ್ನಿಸುವುದು ಈ ಪಾಲು ಗೊತ್ತಿಲ್ಲದಿದ್ದಾಗ ಮಾತ್ರ. ವಿಯೆಟ್ನಾಂ ರಫ್ತು ಮಾಡುವುದು ಸೇವೆಗಿಂತ ಹೆಚ್ಚಾಗಿ ಸಾಮಾನನ್ನು. ಬಾಕ್ ನಿನ್, ಥಾಯ್ ಙುಯೆನ್ ಪ್ರಾಂತ್ಯಗಳ ಸ್ಯಾಮ್‌ಸಂಗ್ ಕಾರ್ಖಾನೆಗಳಿಂದ ಹೊರಡುವ ಫೋನಿನ ಪೂರ್ತಿ ಬೆಲೆ ರಫ್ತು ಲೆಕ್ಕಕ್ಕೆ ಬರುತ್ತದೆ, ಒಳಗಿನ ಆಮದು ಚಿಪ್ಪು, ಪರದೆಯ ಬೆಲೆಯೂ ಸೇರಿ. ಸಾಫ್ಟ್‌ವೇರಿನಲ್ಲಿ ಬಹುಪಾಲು ಸಂಬಳವೇ, ಆಮದು ಕಡಿಮೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಕಾದರೆ ಒಇಸಿಡಿಯ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ) ಮೌಲ್ಯವರ್ಧನೆ ವ್ಯಾಪಾರ ದತ್ತಾಂಶದಿಂದ ದೇಶದೊಳಗೆ ಉಳಿದ ಪಾಲನ್ನಷ್ಟೇ ತೆಗೆದುಕೊಳ್ಳಿ.

ಮೇಷ್ಟ್ರು ಒಟ್ಟು ಅಂಕ ಬೇಕೇ ಬೇಕು ಅಂದರೆ, ಪ್ರತಿ ಅಂಶದಲ್ಲೂ ಅತಿ ಹಿಂದಿರುವ ದೇಶಕ್ಕೆ 0, ಅತಿ ಮುಂದಿರುವುದಕ್ಕೆ 100, ಉಳಿದವಕ್ಕೆ ಅವೆರಡರ ನಡುವಿನ ಅಂಕ ಕೊಟ್ಟು ಸರಾಸರಿ ತೆಗೆಯಿರಿ. ಆಮೇಲೆ ತೂಕವನ್ನು ನಾಲ್ಕೈದು ರೀತಿ ಬದಲಿಸಿ ನೋಡಿ. ಪ್ರತಿ ಸಲವೂ ಬ್ರೆಜಿಲ್ ವಿಯೆಟ್ನಾಂಗಿಂತ ಮೇಲೆ ಬಂದರೆ ಹಾಗೆಂದು ಬರೆಯಿರಿ. ಒಮ್ಮೆ ಮೇಲೆ ಒಮ್ಮೆ ಕೆಳಗೆ ಬಂದರೆ ‘ಸಮ’ ಎಂದು ಬರೆದು, ಯಾವ ತೂಕಕ್ಕೆ ಕ್ರಮ ತಿರುಗಿತು ಅನ್ನುವುದನ್ನು ಕೋಷ್ಟಕದ ಕೆಳಗೇ ಹಾಕಿ.