ಡಿಡಬ್ಲ್ಯುಎಂ ಪಟ್ಟಿಯಲ್ಲಿ ಒತ್ತಕ್ಷರ ಒಡೆಯುವುದೇಕೆ?

ಪ್ರಶ್ನೆ: ಪುಣೆಯ ಕೋಥ್ರೂಡ್‌ನಲ್ಲಿದ್ದೇನೆ, ಪ್ರೋಗ್ರಾಮರ್. ಲ್ಯಾಪ್‌ಟಾಪ್‌ನಲ್ಲಿ ಡಿಡಬ್ಲ್ಯುಎಂ ಎಂಬ ಟೈಲಿಂಗ್ ವಿಂಡೋ ಮ್ಯಾನೇಜರ್ (ಕಿಟಕಿಗಳನ್ನು ತೆರೆಯ ಮೇಲೆ ಪಕ್ಕಪಕ್ಕ ಜೋಡಿಸುವ ತಂತ್ರಾಂಶ) ಬಳಸುತ್ತೇನೆ. ಕನ್ನಡ ಪುಟ ತೆರೆದರೆ ಬ್ರೌಸರ್ ಒಳಗೆ ಎಲ್ಲ ಸರಿ, ಮೇಲಿನ ಪಟ್ಟಿಯ ಶೀರ್ಷಿಕೆಯಲ್ಲಿ ಮಾತ್ರ ‘ರಾಷ್ಟ್ರ’ದ ಒತ್ತುಗಳು ಬಿಡಿಬಿಡಿ. ನೋಟೋ ಸಾನ್ಸ್ ಕನ್ನಡ ಫಾಂಟನ್ನು ಮೊದಲಿಗೆ ಹಾಕಿ ಮತ್ತೆ ಕಂಪೈಲ್ ಮಾಡಿದರೂ ಹಾಗೇ ಇದೆ. ಒತ್ತಕ್ಷರ ಕೂಡಿಸುವ ಕೋಡ್ ನಾನೇ ಬರೆದು ಪ್ಯಾಚ್ (ಮೂಲ ಕೋಡ್‌ಗೆ ತಿದ್ದುಪಡಿ) ಮಾಡಬಹುದೇ?

ಉತ್ತರ: ಪ್ಯಾಚ್ ಖಂಡಿತ ಮಾಡಿ. ಒತ್ತಕ್ಷರ ಕೂಡಿಸುವ ಕೋಡ್ ಮಾತ್ರ ಬರೆಯಬೇಡಿ.

ಫಾಂಟಿನದು ತಪ್ಪಲ್ಲ. ಡಿಡಬ್ಲ್ಯುಎಂ ಬರಹ ಮೂಡಿಸುವುದು ಎಕ್ಸ್‌ಎಫ್‌ಟಿ ಲೈಬ್ರರಿಯಿಂದ. ಅದು ಒಂದು ಯೂನಿಕೋಡ್ ಸಂಕೇತಕ್ಕೆ ಒಂದು ಆಕಾರ ಹುಡುಕಿ ಸಾಲಾಗಿ ಇಡುತ್ತದೆ, ಅಷ್ಟೇ. ‘ಷ್ಟ್ರ’ ನಮಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಷ, ಹಲಂತ, ಟ, ಹಲಂತ, ರ ಎಂಬ 5 ಸಂಕೇತಗಳು. ಇವನ್ನು ಒಟ್ಟಿಗೆ ನೋಡಿ, ಫಾಂಟಿನೊಳಗಿನ ನಿಯಮದಂತೆ ಸರಿಯಾದ ಒತ್ತನ್ನು ಆರಿಸುವುದು ಹಾರ್ಫ್‌ಬಜ್ ಎಂಬ ಇನ್ನೊಂದು ಲೈಬ್ರರಿಯ ಕೆಲಸ. ಫೈರ್‌ಫಾಕ್ಸ್, ಕ್ರೋಮ್ ಎರಡೂ ಅದನ್ನೇ ನಂಬಿವೆ. ಕೈಯಾರೆ ಬರೆಯಹೊರಟರೆ ‘ಸೂರ್ಯ’ದ ಅರ್ಕಾವೊತ್ತಿನಲ್ಲೇ ಸಿಕ್ಕಿಬೀಳುತ್ತೀರಿ: ರ ಮೊದಲು ಬಂದರೂ ಅದರ ಗುರುತು ಕೊನೆಗೆ ಹೋಗಬೇಕು. ಅಲ್ಲದೆ ಪುಣೆಯಲ್ಲಿರುವ ನಿಮ್ಮ ಪಟ್ಟಿಗೆ ಮರಾಠಿ ಶೀರ್ಷಿಕೆಗಳೂ ಬರುತ್ತವಲ್ಲ? ದೇವನಾಗರಿಯ ಹ್ರಸ್ವ ಇಕಾರ ಸಂಕೇತಸಾಲಿನಲ್ಲಿ ವ್ಯಂಜನದ ನಂತರವಿದ್ದರೂ ತೆರೆಯ ಮೇಲೆ ಮುಂಚೆ ಬರಬೇಕು. ಕನ್ನಡಕ್ಕೊಂದು, ಮರಾಠಿಗೊಂದು ಎಂದು ಬರೆಯುತ್ತ ಕೂರಲಾಗದು.

ಹಾರ್ಫ್‌ಬಜ್ ಬಳಸುವ ಪ್ಯಾಂಗೋ ಲೈಬ್ರರಿಯನ್ನು ಸೇರಿಸಿ. ಕೆಲಸವಿರುವುದು ಬಹುಪಾಲು ‘ಡಿಆರ್‌ಡಬ್ಲ್ಯು ಡಾಟ್ ಸಿ’ ಕಡತದಲ್ಲಿ, ಬರಹ ಮೂಡಿಸುವ ಫಂಕ್ಷನ್‌ನೊಳಗೆ. ಪ್ಯಾಂಗೋ ಎಕ್ಸ್‌ಎಫ್‌ಟಿ ಮೇಲೆಯೇ ಬರೆಯಬಲ್ಲದು, ಈಗಿನ ಬಣ್ಣಗಳು ಹಾಗೇ ನಡೆಯುತ್ತವೆ. ಅದರ ಅಳತೆಯಲ್ಲಿ 1 ಪಿಕ್ಸೆಲ್ ಎಂದರೆ 1024 ಎಂಬುದು ನೆನಪಿರಲಿ.

ಬಹಳ ಜನ ಎಡವುವುದು ಅಗಲದ ಲೆಕ್ಕದಲ್ಲಿ. ಬರಹದ ಅಗಲ ಅಳೆಯುವುದೂ ಮೂಡಿಸುವುದೂ ಒಂದೇ ದಾರಿಯಲ್ಲಿ ಆಗಬೇಕು. ಮೌಸ್ ಕ್ಲಿಕ್ ಯಾವ ಟ್ಯಾಗ್ (ಕಿಟಕಿಗಳ ಗುಂಪಿಗಿಟ್ಟು ಪಟ್ಟಿಯಲ್ಲಿ ತೋರಿಸುವ ಹೆಸರು) ಮೇಲೆ ಬಿತ್ತು ಎಂದು ಡಿಡಬ್ಲ್ಯುಎಂ ತಿಳಿಯುವುದು ಅದೇ ಅಗಲಗಳನ್ನು ಕೂಡಿಸಿ. ಟ್ಯಾಗ್‌ಗಳಿಗೆ ಕನ್ನಡದ ಹೆಸರಿಟ್ಟು, ಅಳತೆಯನ್ನು ಹಳೆಯ ಫಂಕ್ಷನ್‌ಗೇ ಬಿಟ್ಟರೆ ಮೂಡಿದ ಹೆಸರು ತನಗೆ ಲೆಕ್ಕ ಹಾಕಿದ ಜಾಗಕ್ಕೆ ಹೊಂದುವುದಿಲ್ಲ. ಶೀರ್ಷಿಕೆ ಉದ್ದವಾದಾಗ ಕತ್ತರಿಸುವುದನ್ನೂ ಪ್ಯಾಂಗೋಗೇ ಬಿಡಿ. ಈಗಿನ ಕೋಡ್ ಒಂದೇ ಅಕ್ಷರದ ಸಂಕೇತಗಳ ನಡುವೆಯೂ ಕತ್ತರಿಸುವುದರಿಂದ ಹಲಂತವೊಂದೇ ತುದಿಯಲ್ಲಿ ಉಳಿಯಬಹುದು. ಪಟ್ಟಿಯ ಎತ್ತರ ಫಾಂಟಿನ ಎತ್ತರದಿಂದ ಬರುತ್ತದೆ. ಅದನ್ನೂ ಪ್ಯಾಂಗೋದಿಂದ ಪಡೆಯಿರಿ, ಇಲ್ಲವಾದರೆ ಕೆಳಗಿನ ಒತ್ತು ತುಂಡಾಗುತ್ತದೆ. ಶೀರ್ಷಿಕೆಯನ್ನು ಬರೀ ಪಠ್ಯವಾಗಿ ಕೊಡಿ, ಮಾರ್ಕಪ್ (ವಿನ್ಯಾಸದ ಗುರುತುಗಳಿರುವ ಪಠ್ಯ) ಆಗಿ ಕೊಡಬೇಡಿ. ಶೀರ್ಷಿಕೆಯಲ್ಲೊಂದು ಆಂಪರ್ಸಂಡ್ (&) ಬಂದರೆ ಮಾರ್ಕಪ್ ಕೆಡುತ್ತದೆ.

ಪರೀಕ್ಷೆಗೆ ಲಾಗ್‌ಔಟ್ ಆಗಬೇಕಿಲ್ಲ. ಜೆಫರ್ ಎಂಬ ಒಳ ಎಕ್ಸ್ ಸರ್ವರ್ (ಒಂದು ಕಿಟಕಿಯೊಳಗೇ ಇನ್ನೊಂದು ತೆರೆ ತೋರಿಸುವ ತಂತ್ರಾಂಶ) ತೆರೆದು ಹೊಸ ಡಿಡಬ್ಲ್ಯುಎಂ ಅದರಲ್ಲೇ ಓಡಿಸಿ. ಎಕ್ಸ್‌ಸೆಟ್‌ರೂಟ್ ಆಜ್ಞೆಯಿಂದ ‘ಸ್ತ್ರೀ’, ‘ಸೂರ್ಯ’, ‘ಶಾಸ್ತ್ರಿ’ ಇತ್ಯಾದಿ ಪದಗಳನ್ನು ಸ್ಥಿತಿಪಟ್ಟಿಗೆ ಕಳಿಸಿ ನೋಡಿ.

ಇದನ್ನು ಮೂಲ ಕೋಡ್‌ಗೆ ಸೇರಿಸಿಕೊಳ್ಳಲಿ ಎಂದು ನಿರೀಕ್ಷಿಸಬೇಡಿ. ಡಿಡಬ್ಲ್ಯುಎಂನ ಕೋಡ್ 2000 ಸಾಲು ಮೀರಬಾರದೆಂಬುದು ಅದನ್ನು ರೂಪಿಸಿದವರ ಸಂಕಲ್ಪ. ಹೊಸ ಸೌಲಭ್ಯಗಳು ಬೇಕಾದವರು ಹಾಕಿಕೊಳ್ಳುವ ಪ್ಯಾಚ್‌ಗಳಾಗಿಯೇ ಉಳಿಯುತ್ತವೆ. ಹಾಗಾಗಿ ಪ್ಯಾಚ್ ಚಿಕ್ಕದಾಗಿರಲಿ, ಹೊಸ ಆವೃತ್ತಿ ಬಂದಾಗ ಕೂರಿಸುವುದು ಸುಲಭ. ಇಷ್ಟು ಪಾಡು ಬೇಡವೆನಿಸಿದರೆ ಐತ್ರೀ ಎಂಬ ಇನ್ನೊಂದು ವಿಂಡೋ ಮ್ಯಾನೇಜರ್ ನೋಡಬಹುದು, ಅದರಲ್ಲಿ ಪ್ಯಾಂಗೋ ಮೊದಲೇ ಇದೆ. ಆದರೂ ನೀವು ಮಾಡಿದರೆ ನನಗೆ ಸಂತೋಷ. ಅದೇ ಡಿಆರ್‌ಡಬ್ಲ್ಯು ಕಡತ, ಟೈಪ್ ಮಾಡಿ ಆರಿಸುವ ಮೆನುವಾದ ಡಿಮೆನುವಿನಲ್ಲೂ ಇದೆ. ಅಲ್ಲಿ ಟೈಪ್ ಮಾಡುವಾಗ ಕರ್ಸರ್ ಅಕ್ಷರದಿಂದ ಅಕ್ಷರಕ್ಕೆ ಸರಿಯಬೇಕಾದ್ದರಿಂದ ಅದಕ್ಕೆ ಬೇರೆ ಪ್ಯಾಚ್ ಬರೆಯಿರಿ.