ಆಭರಣದ ಪೆಟ್ಟಿಗೆ ಮತ್ತು ಆ ನಗು

ನಮಸ್ಕಾರ. ಕಥೆ ಅಷ್ಟು ಪೊಳ್ಳಾಗಿದ್ದರೂ 1990ರ ‘ಪ್ರೆಟಿ ವುಮನ್’ ಚಿತ್ರದ ನಾಯಕಿ ಜೂಲಿಯಾ ರಾಬರ್ಟ್ಸ್‌ಗೆ ಆಸ್ಕರ್ ನಾಮನಿರ್ದೇಶನ ಹೇಗೆ ದಕ್ಕಿತೆಂದು ಕೇಳಿದ್ದೀರಿ. ಹಾಸನದ ಚಳಿಗಾಲದ ಒಂದು ಸಂಜೆ ಮನೆಯವರೊಂದಿಗೆ ಅದನ್ನು ಮತ್ತೆ ನೋಡಿದೆ. ಹಣವಂತನೊಬ್ಬ ಬಂದು ಬಡ ಹುಡುಗಿಯನ್ನು ಉದ್ಧರಿಸುವ ಕಥೆ ನಿಜಕ್ಕೂ ಸವಕಲು. ಮೂಲ ಚಿತ್ರಕಥೆಯಲ್ಲಿದ್ದ ಕಹಿಯನ್ನು ತೆಗೆದು ಸಿಹಿ ಬೆರೆಸಿದ್ದರಿಂದ ಕೊನೆಯ ಭಾಗವಂತೂ ತೀರಾ ಸಡಿಲ. ಆದರೆ ನಾಯಕ ರಿಚರ್ಡ್ ಗೇರ್ ಕಂಠಹಾರದ ಪೆಟ್ಟಿಗೆಯನ್ನು ತಟ್ಟನೆ ಮುಚ್ಚಿದಾಗ, ಬೆರಳನ್ನು ಹಿಂದಕ್ಕೆಳೆದುಕೊಂಡು ಜೂಲಿಯಾ ರಾಬರ್ಟ್ಸ್ ಗೊಳ್ಳೆಂದು ನಗುವುದನ್ನು ಗಮನಿಸಿ: ಚಿತ್ರಕಥೆಯಲ್ಲಿಲ್ಲದ ಆ ನಗು, ಬರಹ ಕೊಡದ ಜೀವವನ್ನು ಪಾತ್ರಕ್ಕೆ ಕೊಟ್ಟಿದೆ. ಬಟ್ಟೆಯಂಗಡಿಯಲ್ಲಿ ಅವಮಾನಿತಳಾದಾಗಿನ ಮುಖವೂ ಅಂಥದೇ. ಇಂಗ್ಲಿಷ್ ಬಾರದ ನಮ್ಮಮ್ಮ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ ತಲೆಯೆತ್ತಿದ್ದು ಈ ಎರಡು ಕಡೆ ಮಾತ್ರ.