ಹಕ್ಕಿ ಹಬ್ಬಕ್ಕೆ ಮುಹೂರ್ತ ಕೇಳುವವರಿಗೆ

ಮಳೆ ಬಿಟ್ಟು ನಾಲ್ಕು ದಿನ ಬಿಸಿಲು ಕಂಡರೆ ಸಾಕು, ನಮ್ಮ ಕಾಸರಗೋಡಿನ ಕುಂಬಳೆ, ಮಂಜೇಶ್ವರ, ಬದಿಯಡ್ಕ ಕಡೆಯಿಂದ ಹಕ್ಕಿಗಳ ಬಗ್ಗೆ ನನಗೆ ಅವೇ ಪ್ರಶ್ನೆಗಳು ಬರತೊಡಗುತ್ತವೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಯಿತು. ಈ ಸಲ ಅವರ ಪ್ರಶ್ನೆ, ಅದರ ಕೆಳಗೆ ನನ್ನ ಉತ್ತರ, ಎರಡನ್ನೂ ಬರೆದೇ ಬಿಡುತ್ತೇನೆ. ಮೊದಲನೆಯದು ಒಬ್ಬ ಮಾಷ್ಟ್ರದ್ದು.

ಮೇ ತಿಂಗಳ ಎರಡನೇ ಶನಿವಾರ ವಿಶ್ವ ವಲಸೆ ಹಕ್ಕಿ ದಿನವಂತೆ. ಶಾಲೆಗೂ ರಜೆ. ಆ ದಿನ ಶಿರಿಯ ಅಳಿವೆಯಲ್ಲಿ ಹಕ್ಕಿ ಹಬ್ಬ ಮಾಡಬೇಕೆಂದಿದ್ದೇವೆ. ಹತ್ತು ಗಂಟೆಗೆ ಉದ್ಘಾಟನೆ, ಊಟದ ನಂತರ ಹಕ್ಕಿ ವೀಕ್ಷಣೆ. ಯಾವ ವಿದೇಶಿ ಹಕ್ಕಿಗಳು ಸಿಗಬಹುದು?

ಕಾಗೆ ಸಿಗಬಹುದು ಮಾಷ್ಟ್ರೇ.

ಬೇಜಾರು ಮಾಡಬೇಡಿ. ಆ ದಿನಾಚರಣೆ ವರ್ಷಕ್ಕೆ ಎರಡು ಸಲ ಬರುತ್ತದೆ, ಮೇ ಮತ್ತು ಅಕ್ಟೋಬರ್ ತಿಂಗಳ ಎರಡನೇ ಶನಿವಾರ. ಮೇ ತಿಂಗಳದ್ದು ಹಕ್ಕಿಗಳು ತವರಿಗೆ ಮರಳುವ ಬಡಗಣ ದೇಶಗಳವರಿಗೆ ಚೆನ್ನ. ಹಕ್ಕಿ ಅಲ್ಲಿಗೆ ತಲುಪಿದೆ ಎಂದರೆ ನಮ್ಮಲ್ಲಿ ಅಳಿವೆ ಖಾಲಿ ಎಂದೇ ಅರ್ಥ ಅಲ್ವಾ? ಇನ್ನೂ ಗೂಡು ಕಟ್ಟುವ ಪ್ರಾಯ ಬಾರದ ಕೆಲವು ಮಾತ್ರ ಹೋಗುವ ಗೋಜಿಗೇ ಹೋಗದೆ ಇಲ್ಲೇ ಮಳೆಗಾಲ ಕಳೆಯುತ್ತವೆ. ಅವನ್ನು ನಂಬಿ ಹಬ್ಬ ಮಾಡಲಾಗುವುದಿಲ್ಲ.

ನಮ್ಮ ಕರಾವಳಿಯ ಲೆಕ್ಕ ಬೇರೆ. ಆಗಸ್ಟ್ ಕೊನೆಗೇ ಮೊದಲ ತಂಡಗಳು ಇಳಿಯುತ್ತವೆ. ಆಗ ನಮಗಿನ್ನೂ ಮಳೆ. ಸೈಬೀರಿಯಾದ ತುಂಡ್ರಾದಿಂದ ಗೋಲ್ಡನ್ ಪ್ಲೋವರ್, ಟಿಬೆಟ್ ಕಡೆಯಿಂದ ಸ್ಯಾಂಡ್ ಪ್ಲೋವರ್, ಕೆಳಕ್ಕೆ ಬಾಗಿದ ಉದ್ದ ಕೊಕ್ಕಿನ ವಿಂಬ್ರೆಲ್, ಎಲ್ಲವೂ ನೀರಂಚಿನಲ್ಲಿ ಹುಳ ಹೆಕ್ಕುವ ಹಕ್ಕಿಗಳು. ತೋಡಿನ ಬದಿಯಲ್ಲಿ ಬಾಲ ಕುಣಿಸುವ ಬೂದು ಕುಂಡೆಕುಸ್ಕವೂ ಸೆಪ್ಟೆಂಬರಿಗೆ ಹಾಜರು. ಅಕ್ಟೋಬರಿಗೆ ತೋಟಕ್ಕೆ ನವರಂಗ ಎಂಬ ಬಣ್ಣದ ಹಕ್ಕಿ ಬರುತ್ತದೆ. ಬೇಲಿಯ ಪೊದೆಯಲ್ಲಿ ಕೂತು ದಿನವಿಡೀ 'ಟಕ್ ಟಕ್' ಅನ್ನುವ ರೀಡ್ ವಾರ್ಬ್ಲರೂ ಬರುತ್ತದೆ. ಅದರ ಸದ್ದು ಎಲ್ಲರಿಗೂ ಪರಿಚಯ, ಮುಖ ಕಂಡವರು ಕಡಿಮೆ. ನವೆಂಬರಿನಲ್ಲಿ ಅಮುರ್ ಚಾಣ ಎಂಬ ಸಣ್ಣ ಬೇಟೆಹಕ್ಕಿಗಳು ನಾಗಾಲ್ಯಾಂಡಿನಲ್ಲಿ ತಂಗಿ, ದೇಶ ದಾಟಿ, ಅರಬ್ಬಿ ಸಮುದ್ರದ ಮೇಲೆ ಆಫ್ರಿಕಾಕ್ಕೆ ಹಾರುತ್ತವೆ. ಕೆಲವು ನಮ್ಮ ತಲೆಯ ಮೇಲೂ ಹಾದು ಹೋಗಬಹುದು. ಅದು ಅದೃಷ್ಟ, ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸಬೇಡಿ.

ಹಾಗಾಗಿ ಅಕ್ಟೋಬರಿನ ಎರಡನೇ ಶನಿವಾರ ಹಿಡಿಯಿರಿ. ಮಧ್ಯಾಹ್ನದ ಮೇಲೆ ಗುಡುಗಿದರೂ ಬೆಳಿಗ್ಗೆ ಸಾಮಾನ್ಯವಾಗಿ ತಿಳಿಯಾಗಿರುತ್ತದೆ. ಅದು ತಪ್ಪಿದರೆ ನವೆಂಬರ್ 12, ಪಕ್ಷಿತಜ್ಞ ಸಲೀಂ ಅಲಿ ಹುಟ್ಟಿದ ದಿನ. ಅದೂ ತಪ್ಪಿದರೆ ಜನವರಿ, ಏಷ್ಯಾದಾದ್ಯಂತ ನೀರಹಕ್ಕಿಗಳ ಗಣತಿ ನಡೆಯುವ ತಿಂಗಳು. ಮಕ್ಕಳು ಎಣಿಸಿದ್ದು ಅದಕ್ಕೂ ಸೇರಬಹುದು. ಫೆಬ್ರವರಿಯೂ ಆಗಬಹುದು. ಆಮೇಲೆ ತಡ. ಮಾರ್ಚಿನಲ್ಲಿ ಕಡಲಕ್ಕಿಗಳು ತಲೆಗೆ ಕಂದು ಗರಿಯ ಟೋಪಿ ಹಾಕಿಕೊಂಡು ಹೊರಡುವ ತಯಾರಿಯಲ್ಲಿರುತ್ತವೆ. ಆಗ ಅವಕ್ಕೆ ಹೊಟ್ಟೆತುಂಬ ತಿಂದು ಕೊಬ್ಬು ಕೂಡಿಸುವುದೊಂದೇ ಕೆಲಸ. ಒಂದೊಂದು ಸಲ ನೀವು ಓಡಿ ಹೋಗಿ ಎಬ್ಬಿಸಿದಾಗಲೂ ಆ ಕೊಬ್ಬು ಕರಗುತ್ತದೆ.

ಇನ್ನು ನಿಮ್ಮ ಹತ್ತು ಗಂಟೆ. ದಿನಾಂಕಕ್ಕಿಂತ ದೊಡ್ಡ ತಪ್ಪು ಇದೇ. ಅಳಿವೆಯ ಹಕ್ಕಿ ನೋಡುವುದು ಗಡಿಯಾರವನ್ನಲ್ಲ, ನೀರನ್ನು. ಇಳಿತದಲ್ಲಿ ಕೆಸರು ತೆರೆದುಕೊಳ್ಳುತ್ತದೆ, ಹಕ್ಕಿಗಳು ಹುಳ ಹುಡುಕುತ್ತಾ ದೂರ ದೂರ ಚದುರುತ್ತವೆ. ಆಗ ದುರ್ಬೀನಿನಲ್ಲೂ ಬರೀ ಚುಕ್ಕೆ. ನೀರು ಏರತೊಡಗಿದಾಗ ಕೆಸರು ಕಿರಿದಾಗಿ ಅವೇ ನಿಮ್ಮ ಕಡೆಗೆ ಸರಿಯುತ್ತವೆ. ಪೂರ್ತಿ ಭರತವಾದಾಗ ಮರಳು ದಿಣ್ಣೆಯ ಮೇಲೆ ಒಟ್ಟಾಗಿ, ಒಂಟಿ ಕಾಲಲ್ಲಿ ನಿದ್ದೆ. ನಿಮಗೆ ಬೇಕಾದದ್ದು ನೀರು ಏರಿ ಭರತವಾಗುವ ಮುಂಚಿನ ಎರಡು ಗಂಟೆ, ಅದೂ ಬೆಳಿಗ್ಗೆ. ಸೂರ್ಯ ಬೆನ್ನಿಗಿರುತ್ತಾನೆ, ಬಣ್ಣ ಕಾಣುತ್ತದೆ. ಊಟದ ನಂತರ ಪಡುವಣ ಬಿಸಿಲಿಗೆ ಮುಖ ಮಾಡಿ ನಿಂತರೆ ಎಲ್ಲವೂ ಕಪ್ಪು ನೆರಳು. ಭರತ-ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಮೊದಲು ಅಲ್ಲಿಯ ದೋಣಿಯವರನ್ನು ಕೇಳಿ, ಆಮೇಲೆ ಅತಿಥಿಗಳನ್ನು ಕರೆಯಿರಿ.

ಉದ್ಘಾಟನೆಯ ವಿಷಯಕ್ಕೆ ನನಗೆ ಹಳೇ ಗಾಯವಿದೆ. ಒಂದು ಊರಿನ ಹಕ್ಕಿ ಹಬ್ಬಕ್ಕೆ ನನ್ನನ್ನು ಸಂಪನ್ಮೂಲ ವ್ಯಕ್ತಿ ಎಂದು ಕರೆದಿದ್ದರು. ಆರೂವರೆಗೆ ಹೋಗಿ ನಿಂತೆ. ಪ್ರಾರ್ಥನೆ, ಸ್ವಾಗತ, ದೀಪ, ಶಾಲು, ಮೂರು ಭಾಷಣ, ನಡುವೆ ಮೈಕಿನ ಕೀಂ ಸದ್ದು. ಎದುರಿನ ದಿಣ್ಣೆಯಲ್ಲಿದ್ದ ಇನ್ನೂರಕ್ಕೂ ಮೇಲ್ಪಟ್ಟ ಪ್ಲೋವರ್‌ಗಳು ಎರಡನೇ ಭಾಷಣಕ್ಕೇ ಎದ್ದು ಹೋದವು. ನನ್ನ ಸರದಿ ಬಂದದ್ದು ಹನ್ನೊಂದೂ ಮುಕ್ಕಾಲಿಗೆ. ನೂರಿಪ್ಪತ್ತು ಮಕ್ಕಳಿಗೆ ಬರೀ ನೀರು ತೋರಿಸಿ ಬಂದೆ. ಶಾಲು ಈಗಲೂ ಮನೆಯಲ್ಲಿದೆ.

ಭಾಷಣ ಬೇಕೇ ಬೇಕೆಂದರೆ ಮಧ್ಯಾಹ್ನ ಶಾಲೆಯೊಳಗೆ ಇಟ್ಟುಕೊಳ್ಳಿ. ಅಳಿವೆಗೆ ಹತ್ತು ಹತ್ತು ಮಕ್ಕಳ ತಂಡ, ಪ್ರತಿ ತಂಡಕ್ಕೆ ಹಕ್ಕಿ ಗೊತ್ತಿರುವ ಒಬ್ಬರು. ಉಳಿದ ತಂಡಗಳನ್ನು ಪದವು ಎನ್ನುವ ಮುರಕಲ್ಲು ಬಯಲಿಗೋ ಗದ್ದೆಗೋ ಕಳಿಸಿ. ಮಳೆ ನೀರು ನಿಂತ ಪಳ್ಳದ ಸುತ್ತ ಏನಾದರೂ ಸಿಕ್ಕೇ ಸಿಗುತ್ತದೆ. ಡ್ರೋನ್ ಬೇಡ. ಮೊಬೈಲಿನಲ್ಲಿ ಕೂಗು ಹಾಕಿ ನವರಂಗವನ್ನು ಹೊರಗೆ ಕರೆಸುವ ಆಟವಂತೂ ಬೇಡವೇ ಬೇಡ. ಅಂಥವರು ಬಂದರೆ ನನ್ನನ್ನು ಕರೆಯಬೇಡಿ.

ಅಕ್ಟೋಬರಿನಲ್ಲಿ ರಾತ್ರಿ ನಮ್ಮ ಜಗಲಿಗೆ ಬಣ್ಣಬಣ್ಣದ, ಮೋಟು ಬಾಲದ ಹಕ್ಕಿ ಬಂದು ಬಿತ್ತು. ಹಾಲು, ಅನ್ನ ಕೊಟ್ಟೆವು. ಬೆಳಿಗ್ಗೆ ಸತ್ತಿತ್ತು. ಮನೆಗೆ ಏನಾದರೂ ದೋಷವೇ?

ದೋಷ ಮನೆಗಲ್ಲ ಅಕ್ಕ, ಹಾಲಿಗೆ. ಅದು ನವರಂಗ. ಮಧ್ಯ ಭಾರತದಿಂದ, ಹಿಮಾಲಯದ ಬುಡದಿಂದ ರಾತ್ರಿ ಹೊತ್ತು ಹಾರಿ ಬರುತ್ತದೆ. ಸುಸ್ತಾಗಿರುತ್ತದೆ, ದೀಪಕ್ಕೆ ದಾರಿ ತಪ್ಪಿ ಗೋಡೆಗೋ ಗಾಜಿಗೋ ಬಡಿಯುತ್ತದೆ. ಮುಂದಿನ ಸಲ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಹಳೇ ಬಟ್ಟೆ ಹಾಸಿ ಒಳಗಿಡಿ, ಮುಚ್ಚಿ, ಬೆಕ್ಕು ಬಾರದ ಕತ್ತಲ ಕೋಣೆಯಲ್ಲಿ ಸುಮ್ನೆ ಬಿಡಿ. ಬಾಯಿಗೆ ನೀರು ಹೊಯ್ಯಬೇಡಿ, ಶ್ವಾಸಕ್ಕೆ ಹೋಗುತ್ತದೆ. ಮಕ್ಕಳಿಗೆ ಗಳಿಗೆಗೊಮ್ಮೆ ತೆರೆದು ತೋರಿಸಬೇಡಿ. ಬೆಳಕು ಹರಿದ ಮೇಲೆ ತೋಟದ ನೆರಳಿನಲ್ಲಿ ಪೆಟ್ಟಿಗೆ ತೆರೆದಿಟ್ಟು ದೂರ ನಿಲ್ಲಿ. ರೆಕ್ಕೆ ಜೋತು ಬಿದ್ದಿದ್ದರೆ ಮಾತ್ರ ಅರಣ್ಯ ಇಲಾಖೆಗೆ ಫೋನ್ ಮಾಡಿ.

ಚಾತಕ ಮಳೆನೀರು ಬಿಟ್ಟು ಬೇರೆ ಕುಡಿಯುವುದಿಲ್ಲ ಎನ್ನುತ್ತಾರೆ. ನಿಜವೇ?

ಕವಿಗಳ ಚಾತಕದ ಬಗ್ಗೆ ಕವಿಗಳನ್ನೇ ಕೇಳಿ. ನಾನು ನೋಡಿದ್ದು ಕಂಬಳಿಹುಳ ತಿನ್ನುತ್ತದೆ, ಹರಟೆಮಲ್ಲ ಹಕ್ಕಿಯ ಗೂಡಿನಲ್ಲಿ ಮೊಟ್ಟೆ ಇಟ್ಟು ಜಾಗ ಖಾಲಿ ಮಾಡುತ್ತದೆ.

ಕುಂಬಳೆ ಬಳಿಯ ಕಿದೂರಿಗೆ ಹಸಿರು ಪಾರಿವಾಳ ಯಾವ ದೇಶದಿಂದ ಬರುತ್ತದೆ?

ಯಾವ ದೇಶದಿಂದಲೂ ಅಲ್ಲ, ಅದು ಊರಿನದ್ದೇ. ಗೋಳಿ ಹಣ್ಣಾದಾಗ ಬಂದು ಮರದ ಕೆಳಗೆ ಕತ್ತೆತ್ತಿ ನಿಲ್ಲಿ.

ಕೆಂಬೂತದ ಲೇಹ ಕ್ಷಯಕ್ಕೆ ಒಳ್ಳೆಯದು ಎಂದು ಒಬ್ಬ ನಾಟಿ ವೈದ್ಯರು ಹೇಳಿದರು. ಹಬ್ಬಕ್ಕೆ ಬರುವಾಗ ನಿಮ್ಮನ್ನು ಕೇಳೋಣ ಎಂದುಕೊಂಡೆ.

ಕ್ಷಯಕ್ಕೆ ಸರಕಾರಿ ಆಸ್ಪತ್ರೆಯಲ್ಲಿ ಔಷಧಿ ಪುಕ್ಕಟೆ ಸಿಗುತ್ತದೆ, ನಾಳೆಯೇ ಹೋಗಿ. ಆ ವೈದ್ಯ ಮಾಡುತ್ತಿರುವುದು 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧ. ಅವನಿಗೆ ಹೇಳಿ.

ಕಡಲ ಹದ್ದಿನ ಗೂಡು ಎಲ್ಲಿದೆ? ಹಬ್ಬದ ದಿನ ಫೋಟೋ ತೆಗೆಯಬೇಕಿತ್ತು.

2023ರಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದನ್ನು ಕಾಸರಗೋಡು ಜಿಲ್ಲೆಯ ಹಕ್ಕಿ ಎಂದು ಸಾರಿದ ಮೇಲೆ ಈ ಪ್ರಶ್ನೆ ಜಾಸ್ತಿಯಾಗಿದೆ. ಗೂಡು ನನಗೆ ಗೊತ್ತು. ಹೇಳುವುದಿಲ್ಲ.